ಎದುರಾಳಿ ಕೊಟ್ಟ ಸಾಕ್ಷ್ಯ



ಯುದ್ಧಕಾಲದ ಶೌರ್ಯದ ಕತೆಗಳು ನಮ್ಮಲ್ಲಿ ಧಾರಾಳವಾಗಿವೆ. ಅವುಗಳಲ್ಲಿ ಯಾವುದನ್ನು ನಿಜವೆಂದು ನೆಚ್ಚಬೇಕು ಎಂಬ ಪ್ರಶ್ನೆಯನ್ನು ಮಾತ್ರ ನಾವು ಕೇಳಿಕೊಳ್ಳುವುದಿಲ್ಲ. ಹೇಳುವುದರಿಂದ ಯಾವ ಲಾಭವೂ ಇಲ್ಲದವನು ಒಪ್ಪಿಕೊಂಡ ಶೌರ್ಯವೇ ಎಲ್ಲಕ್ಕಿಂತ ಗಟ್ಟಿಯಾದದ್ದು ಎಂಬುದು ನನ್ನ ವಾದ. ವಾಯುಪಡೆಯ ಮೇಂಟೆನೆನ್ಸ್ ಕಮಾಂಡಿನ ಮುಖ್ಯ ಕಚೇರಿ ಇರುವ ನಾಗಪುರದ ಮಗ್ಗುಲಲ್ಲೇ, ಈ ಬುಟಿಬೋರಿಯಲ್ಲಿ, ಆ ಮಾತನ್ನು ಕೊಡಗಿನ ಒಬ್ಬ ವಿಮಾನಯೋಧನ ಮೂಲಕ ಹೇಳುವುದು ಉಚಿತವೆನಿಸುತ್ತದೆ.

1965ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಪಂಜಾಬಿನ ಆದಂಪುರದಿಂದ ನಮ್ಮ ಮಿಸ್ಟೇರ್ ವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿಗೆ ಹೊರಟವು. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ ಮೀಸಲು ಪೈಲಟ್ ಆಗಿದ್ದರು. ಹೋಗಲೇಬೇಕಾದವರಲ್ಲಿ ಅವರ ಹೆಸರಿರಲಿಲ್ಲ. ಆದರೂ ತಂಡವನ್ನು ಕೂಡಿಕೊಂಡರು. ಮರಳುವ ದಾರಿಯಲ್ಲಿ ಸ್ಟಾರ್‌ಫೈಟರ್ ಒಂದು ಅವರನ್ನು ಅಟ್ಟಿಸಿಕೊಂಡು ಬಂತು. ಅದು ಶಬ್ದದ ಎರಡರಷ್ಟು ವೇಗದ, ಕ್ಷಿಪಣಿ ಹೊತ್ತ ವಿಮಾನ. ಮಿಸ್ಟೇರಿನದು ಶಬ್ದಕ್ಕಿಂತ ಕಡಿಮೆ ವೇಗ. ಗಾಳಿಯಲ್ಲಿ ಗುದ್ದಾಡಲು ಇದ್ದ ಆಯುಧವೆಂದರೆ 30 ಮಿ.ಮೀ. ಫಿರಂಗಿ ಮಾತ್ರ. ಸರ್ಗೋಧಾದವರೆಗೆ ಹೋಗಿ ಬರುವುದಕ್ಕೇ ಇಂಧನ ಸಾಲದೆ ಬರಬಹುದಾಗಿದ್ದಾಗ ಕಾದಾಟಕ್ಕೆ ನಿಲ್ಲುವುದೆಂದರೆ ಮನೆಯ ದಾರಿಯನ್ನು ತಾನೇ ಮುಚ್ಚಿಕೊಂಡಂತೆ. ಸ್ಟಾರ್‌ಫೈಟರಿನ ಪೈಲಟ್ ಅಮ್ಜದ್ ಹುಸೇನ್ ಹೊಡೆದ ಗುಂಡು ತಾಗಿತು. ಮಿಸ್ಟೇರಿನ ಕತೆ ಮುಗಿಯಿತೆಂದು ಅವರು ಭಾವಿಸಿದರು. ಆದರೆ ಪೆಟ್ಟು ತಿಂದ ಅದೇ ವಿಮಾನವನ್ನು ದೇವಯ್ಯ ತಿರುಗಿಸಿ ಹೊಡೆದರು. ಹುಸೇನ್ ಪ್ಯಾರಾಶೂಟಿನಲ್ಲಿ ಇಳಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ. ಅವರ ಜೊತೆಯವರಲ್ಲಿ ಇದನ್ನು ಕಂಡವರು ಯಾರೂ ಇರಲಿಲ್ಲವಾದ್ದರಿಂದ ನಮ್ಮ ಕಡತದಲ್ಲಿ ಉಳಿದದ್ದು ‘ನಾಪತ್ತೆ’ ಎಂಬ ಒಂದೇ ಪದ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಬರೆದ ಪುಸ್ತಕದಿಂದ ಆ ಸ್ಟಾರ್‌ಫೈಟರ್ ಬಿದ್ದ ಬಗೆ ಹೊರಬಿತ್ತು. ಅಂದಿನ ಹಾರಾಟಗಳನ್ನು ತಾಳೆ ನೋಡಿದಾಗ ಆ ಮಿಸ್ಟೇರ್ ದೇವಯ್ಯನವರದ್ದೇ ಎಂದು ಖಚಿತವಾಯಿತು. ಅವರ ಹಿರಿಯ ಅಧಿಕಾರಿಯಾಗಿದ್ದ ಓ.ಪಿ. ತನೇಜಾ ಪಟ್ಟು ಹಿಡಿದರು. 1988ರಲ್ಲಿ ಮರಣೋತ್ತರ ಮಹಾವೀರ ಚಕ್ರ ಬಂತು.

ಆ ಪುಸ್ತಕ ಪಾಕಿಸ್ತಾನಿ ವಾಯುಪಡೆಯ ನೆರವಿನಿಂದ ಬರೆದದ್ದು, ಅದನ್ನು ನಂಬುವುದು ಹೇಗೆ ಎಂದು ಕೇಳಬಹುದು. ನಂಬಬೇಕಾದ ಕಾರಣವೂ ಅಲ್ಲೇ ಇದೆ. ತಮ್ಮವರನ್ನು ಹೊಗಳಿದ ಪುಟಗಳನ್ನು ಅನುಮಾನದಿಂದಲೇ ಓದೋಣ. ಆದರೆ ತಮ್ಮ ಅತ್ಯುತ್ತಮ ವಿಮಾನವನ್ನು ಒಂದು ಹಳೆಯ ಮಿಸ್ಟೇರ್ ಉರುಳಿಸಿತೆಂದು ಕಟ್ಟಿ ಹೇಳುವುದರಿಂದ ಅವರಿಗೆ ಸಿಗುವುದೇನು? ಹುತಾತ್ಮರ ವಿಷಯದಲ್ಲಿ ಸಾಕ್ಷ್ಯ ಕೇಳುವುದೇ ಅಗೌರವ ಎಂಬುದು ಇನ್ನೊಂದು ಆಕ್ಷೇಪ, ಮತ್ತು ಅದು ಹೃದಯದಿಂದ ಬಂದದ್ದು. ಆದರೆ 23 ವರ್ಷ ದೇವಯ್ಯನವರ ಪಾಲಿಗೆ ಇದ್ದದ್ದು ಬರೀ ಗೌರವವೇ. ಅವರ ಪತ್ನಿ ಸುಂದರಿಯವರಿಗೆ ಅದು ಉತ್ತರ ಕೊಡಲಿಲ್ಲ. ಕೊಟ್ಟದ್ದು ಸಾಕ್ಷ್ಯ. 2025ರಲ್ಲಿ ತೆರೆಕಂಡ ‘ಸ್ಕೈ ಫೋರ್ಸ್’ ಹಿಂದಿ ಚಿತ್ರ ಈ ಘಟನೆಯಿಂದಲೇ ಪ್ರೇರಿತವಾದದ್ದು, ಆದರೆ ಪಾತ್ರಗಳ ಹೆಸರು ಬೇರೆ. ಚಿತ್ರ ನೋಡಿ ಕಣ್ಣು ತುಂಬಿಕೊಂಡವರಿಗೆ ದೇವಯ್ಯ ಎಂಬ ಹೆಸರೇ ತಿಳಿಯದೆ ಹೋದರೆ ಆ ನಷ್ಟ ಸಣ್ಣದಲ್ಲ.

ಬದುಕಿ ಬಂದವರ ಕತೆಗೂ ಸಾಕ್ಷ್ಯವೇ ಒರೆಗಲ್ಲು. ಅದೇ ಸೆಪ್ಟೆಂಬರ್ 22ರಂದು ಜನರಲ್ ಕೆ.ಎಂ. ಕಾರ್ಯಪ್ಪನವರ ಮಗ, ಹಂಟರ್ ಪೈಲಟ್ ಕೆ.ಸಿ. ಕಾರ್ಯಪ್ಪ ಸೆರೆಸಿಕ್ಕರು. ಹಿಂದೆ ಕಾರ್ಯಪ್ಪನವರ ಕೈಕೆಳಗೆ ದುಡಿದಿದ್ದ ಪಾಕಿಸ್ತಾನದ ಅಧ್ಯಕ್ಷ ಅಯೂಬ್ ಖಾನ್ ಹುಡುಗನನ್ನು ಬಿಟ್ಟುಕೊಡಲು ಮುಂದಾದರು. ಸೆರೆಯಲ್ಲಿರುವವರೆಲ್ಲ ತನ್ನ ಮಕ್ಕಳೇ ಎಂಬರ್ಥದ ಉತ್ತರ ತಂದೆಯಿಂದ ಹೋಯಿತು. ಆ ಉತ್ತರದ ಪದಗಳು ಬಾಯಿಂದ ಬಾಯಿಗೆ ಬದಲಾಗಿವೆ. ಬದಲಾಗದೆ ಉಳಿದದ್ದು ಇಷ್ಟು: ಮಗ ಮೊದಲೇ ಬರಲಿಲ್ಲ, ಉಳಿದ ಸೆರೆಯಾಳುಗಳೊಂದಿಗೆ 1966ರ ಜನವರಿಯಲ್ಲಿ ಬಂದ. ಆ ಉತ್ತರದ ತೂಕವನ್ನು ಅಳೆಯಲು ನಮಗೆ ಇಷ್ಟೇ ಸಾಕು.

ನಿಮ್ಮ ನೆಂಟರಿಷ್ಟರಲ್ಲಿ ಮಾಜಿ ಸೈನಿಕರು ಇದ್ದೇ ಇರುತ್ತಾರೆ. ಅವರ ಡಿಸ್ಚಾರ್ಜ್ ಪುಸ್ತಕ, ಹಳೆಯ ಪತ್ರ, ತಾರೀಖು ಬರೆದ ಫೋಟೋ ರದ್ದಿಗೆ ಹೋಗದಿರಲಿ. ಅವರು ಇನ್ನೂ ನಮ್ಮೊಡನೆ ಇದ್ದಾರೆಂದರೆ ಈ ಭಾನುವಾರವೇ ಹೋಗಿ ಪಕ್ಕದಲ್ಲಿ ಕುಳಿತು, ಅವರು ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಳ್ಳಿ.