ಅಸ್ತಿಭಾರದ ಆಯ್ಕೆ



ಮನೆ ಕಟ್ಟಿಸುವವರು ಬಾಗಿಲಿನ ಕೆತ್ತನೆಯನ್ನು ಕುರಿತು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ಅಸ್ತಿಭಾರದ ಪ್ರಸ್ತಾಪ ಬಂದರೆ ಮಾತ್ರ ‘ಅದು ಮೇಸ್ತ್ರಿಗೆ ಗೊತ್ತು’ ಎಂದುಬಿಡುತ್ತಾರೆ. ನಾನೂ ಹಾಗೆಂದವನೇ. ಮೈಸೂರಿನ ಕೆಮ್ಮಣ್ಣಿನಲ್ಲಿ ನಮ್ಮ ತಂದೆಯವರು ಮೂರಡಿ ಪಾಯ ತೋಡಿಸಿ ಕಟ್ಟಿಸಿದ ಮನೆ ಇಂದಿಗೂ ಬಿರುಕಿಲ್ಲದೆ ನಿಂತಿದೆ. ಅದೇ ಅಳತೆಯನ್ನು ನಂಬಿ, ಉಳಿಸಿದ್ದ ಹಣವನ್ನೆಲ್ಲ ಸುರಿದು, ನಾನು ಬಯಲುಸೀಮೆಯ ಎರೆನೆಲದಲ್ಲಿ ಮನೆ ಕಟ್ಟಿಸಿದೆನು. ಎರಡನೆಯ ಬೇಸಗೆಗೆ ಗೋಡೆಯು ಮೂಲೆಯಿಂದ ಮೂಲೆಗೆ ಸೀಳಿತು. ಕುಂದು ಮೇಸ್ತ್ರಿಯ ಕೆಲಸದಲ್ಲಿರಲಿಲ್ಲ. ನೆಲವನ್ನು ವಿಚಾರಿಸದ ನನ್ನಲ್ಲಿತ್ತು.

ಎರೆಮಣ್ಣು ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಬೇಸಗೆಯಲ್ಲಿ ಒಣಗಿ ಕುಗ್ಗುತ್ತದೆ. ಗೋಡೆಯ ಅಂಚಿನ ಮಣ್ಣು ಬೇಗ ಒಣಗುವುದು, ಮನೆಯ ನಡುವಿನದು ಒಣಗದು. ಹೀಗೆ ಒಂದು ಕಡೆ ಏರಿ ಮತ್ತೊಂದು ಕಡೆ ಇಳಿಯುವುದರಿಂದಲೇ ಗೋಡೆ ಸೀಳುವುದು. ಕಟ್ಟಡವೆಲ್ಲ ಸಮನಾಗಿ ಕುಸಿದರೆ ಅಷ್ಟು ಕೇಡಿಲ್ಲ. ಅಸಮವಾದ ಕುಸಿತವೇ ಶತ್ರು.

ಇದಕ್ಕೆ ಇಟಲಿಯ ಪೀಸಾ ನಗರದ ಗೋಪುರವೇ ಸಾಕ್ಷಿ. 1173ರಲ್ಲಿ ಆರಂಭವಾದ ಅದರ ಅಸ್ತಿಭಾರದ ಆಳ ಸುಮಾರು ಮೂರು ಮೀಟರು. ಕೆಳಗೆ ಮೆತ್ತನೆಯ ಜೇಡಿಮಣ್ಣು. ಮೂರನೆಯ ಅಂತಸ್ತಿನ ಹೊತ್ತಿಗೆ ಕೆಲಸ ನಿಂತು, ಸುಮಾರು ನೂರು ವರ್ಷ ಹಾಗೆಯೇ ಉಳಿಯಿತು. ಆ ಬಿಡುವಿನಲ್ಲಿ ಮಣ್ಣು ಭಾರಕ್ಕೆ ಒತ್ತಿ ಗಟ್ಟಿಯಾಗದಿದ್ದರೆ ಗೋಪುರ ಉರುಳುತ್ತಿತ್ತೆಂದು ತಜ್ಞರು ಹೇಳುತ್ತಾರೆ. 1990ರಲ್ಲಿ ಅದನ್ನು ಮುಚ್ಚಿ, ವಾಲದಿದ್ದ ಉತ್ತರ ಭಾಗದ ಅಡಿಯಿಂದ ಮಣ್ಣನ್ನು ಮೆಲ್ಲಮೆಲ್ಲನೆ ತೆಗೆದು, ವಾಲಿಕೆಯನ್ನು ತಗ್ಗಿಸಿ, 2001ರಲ್ಲಿ ಮತ್ತೆ ತೆರೆದರು. ಅಮೃತಶಿಲೆ ಎಷ್ಟು ಚೆಲುವಾದರೇನು, ಕೊನೆಗೆ ಚಿಕಿತ್ಸೆ ಬೇಕಾದುದು ಮಣ್ಣಿಗೆ!

ಹಾಗಾದರೆ ಆಯ್ಕೆ ಹೇಗೆ? ಗಟ್ಟಿಯಾದ ಗರಸು ನೆಲಕ್ಕೆ ಸಾಧಾರಣವಾದ ಕಲ್ಲಿನ ಅಸ್ತಿಭಾರ ಸಾಕು. ನೆಲವು ಮೆತ್ತಗಿದ್ದರೆ ಮನೆಯಡಿಗೆಲ್ಲ ಒಂದೇ ಕಾಂಕ್ರೀಟು ಹಾಸು ಹಾಕಿ ಭಾರವನ್ನು ಹರಡಬೇಕು. ಎರೆನೆಲದಲ್ಲಿ ತೇವವು ಏರಿಳಿಯುವ ಪದರವನ್ನು ದಾಟಿ ಕೆಳಗಿಳಿಯಬೇಕು. ಇದಕ್ಕಾಗಿಯೇ ಬುಡದಲ್ಲಿ ಗಂಟೆಯಂತೆ ಅಗಲವಾಗುವ ಕಾಂಕ್ರೀಟು ಕಂಬಗಳನ್ನು ನೆಲದೊಳಗೆ ಇಳಿಸುವ ಪದ್ಧತಿಯುಂಟು. ಮುಚ್ಚಿದ ಕೆರೆಯಂಗಳವಾದರೆ, ತುಂಬಿದ ಮಣ್ಣನ್ನು ಪರೀಕ್ಷಿಸದೆ ಅದರ ಮೇಲೆ ಒಂದು ಕಲ್ಲನ್ನೂ ಇಡಬಾರದು.

ಆದುದರಿಂದ ನಕ್ಷೆ ಬರೆಯಿಸುವ ಮುನ್ನ ನಿವೇಶನದ ಎರಡು ಮೂರು ಕಡೆ ಗುಂಡಿ ತೋಡಿಸಿರಿ, ನೆರೆಮನೆಗಳ ಗೋಡೆಗಳನ್ನು ನೋಡಿರಿ, ಇಂಜನಿಯರನ್ನು ಕೇಳಿರಿ. ಆ ಗುಂಡಿಗಳಿಗೆ ತಗಲುವ ವೆಚ್ಚ ಅಲ್ಪ. ಅದನ್ನು ಉಳಿಸಹೋಗಿ ನಾನು ತೆತ್ತ ಬೆಲೆಯನ್ನು ನೀವು ತೆರಬೇಕಾಗಿಲ್ಲ.