ಜವ ಮತ್ತು ವೇಗ

ಕನ್ನಡದ ಅಧ್ಯಾಪಕನಾದ ನನಗೆ ಇಂಗ್ಲಿಷ್ ಕಲಿಕೆಯ ಮಾತಿನಲ್ಲಿ ಏನು ಅಧಿಕಾರವೆಂದು ಕೇಳುಗರು ಶಂಕಿಸಬಹುದು. ಹತ್ತನೆಯ ತರಗತಿಯವರೆಗೆ ಕನ್ನಡದಲ್ಲಿ ಓದಿ ಪದವಿಪೂರ್ವ ವಿಜ್ಞಾನಕ್ಕೆ ಬಂದ ಮಕ್ಕಳು ಬಾಯಿ ಬಿಡುತ್ತಿದ್ದುದು ನನ್ನ ಪಾಠದಲ್ಲಿ ಮಾತ್ರ, ಅಧಿಕಾರ ಅಷ್ಟೇ.

2008ರಲ್ಲಿ ಅಂಥ ಹುಡುಗಿಯೊಬ್ಬಳು ಭೌತಶಾಸ್ತ್ರದ ಕಿರುಪರೀಕ್ಷೆಯ ಖಾಲಿ ಹಾಳೆ ಹಿಡಿದು ನನ್ನಲ್ಲಿಗೆ ಬಂದಳು. ಪ್ರಶ್ನೆ ‘ಸ್ಪೀಡ್’, ‘ವೆಲಾಸಿಟಿ’ಗಳ ಭೇದವನ್ನು ಕುರಿತದ್ದು. ಸಹೋದ್ಯೋಗಿಯನ್ನು ವಿಚಾರಿಸಿ, ‘ಇವು ನಿನ್ನ ಹಳೆಯ ಜವ, ವೇಗಗಳೇ’ ಎಂದೆ. ‘ಜವಕ್ಕೆ ದಿಕ್ಕಿಲ್ಲ ಸಾರ್, ವೇಗಕ್ಕೆ ಉಂಟು’ ಎಂದಳು, ತಟ್ಟನೆ. ಅಲ್ಲಿಯವರೆಗೆ ನಾನು ಎರಡನ್ನೂ ಪರ್ಯಾಯ ಪದಗಳೆಂದೇ ನಂಬಿದ್ದೆ!

ಅಂದಿನಿಂದ ಸಹೋದ್ಯೋಗಿಗಳು ಕರಿಹಲಗೆಯ ಮೇಲೆ ಎರಡು ನುಡಿಯ ಪದಗಳನ್ನೂ ಬರೆಯತೊಡಗಿದರು. ಪದಗಳೇನೋ ವಾರಗಳಲ್ಲಿ ಒಲಿದವು, ತೊಡಕಾದದ್ದು ವಾಕ್ಯ. ಕನ್ನಡದಲ್ಲಿ ಕೊನೆಗೆ ನಿಲ್ಲುವ ಕ್ರಿಯಾಪದ ಇಂಗ್ಲಿಷಿನಲ್ಲಿ ಸಾಮಾನ್ಯವಾಗಿ ಕರ್ತೃವಿನ ಬೆನ್ನಿಗೇ ಬರುತ್ತದಲ್ಲವೆ? ಆದ್ದರಿಂದ ಉತ್ತರವನ್ನು ಮೊದಲು ಕನ್ನಡದಲ್ಲಿ ಹೇಳಿಸಿ, ಬಳಿಕ ಚಿಕ್ಕ ಚಿಕ್ಕ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಸಿದೆವು. ತಪ್ಪಿಗೆ ಆರಂಭದಲ್ಲಿ ಕೆಂಪು ಗೆರೆ ಎಳೆಯಲಿಲ್ಲ.

ದೀಪಾವಳಿ ಕಳೆಯುವ ಹೊತ್ತಿಗೆ ಆಕೆ ಉತ್ತರಗಳನ್ನು ಇಂಗ್ಲಿಷಿನಲ್ಲೇ ಬರೆಯುತ್ತಿದ್ದಳು. ಅವಳ ಹಳ್ಳಿಯಿಂದಲೇ ಬಂದಿದ್ದ ಇಬ್ಬರು ಹುಡುಗರು ಅಷ್ಟರಲ್ಲಿ ಕಾಲೇಜು ತೊರೆದಿದ್ದರು. ಅವರು ದಡ್ಡರೆಂದು ಅಧ್ಯಾಪಕರ ಕೊಠಡಿಯಲ್ಲಿ ಮಾತಾದಾಗ ತಲೆಯಾಡಿಸಿದವರಲ್ಲಿ ನಾನೂ ಒಬ್ಬ.