ಪರಂಗಿಮಲೆಯ ಶಿಲುಬೆ
(ಶತಮಾನೋತ್ಸವ ಯಾತ್ರೆಗೆ ಮುನ್ನ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣ)



ನಮ್ಮ ದೇವಾಲಯಕ್ಕೆ ನೂರು ವರ್ಷ ತುಂಬಿದ ಈ ಶುಭಸಂದರ್ಭದಲ್ಲಿ ನಾವೆಲ್ಲರೂ ಕೂಡಿ ಚೆನ್ನೈನ ಸಂತ ತೋಮಸರ ಬೆಟ್ಟಕ್ಕೆ ಯಾತ್ರೆ ಹೊರಡಲಿದ್ದೇವೆ. ತಮಿಳರು ಅದನ್ನು ಪರಂಗಿಮಲೈ ಎನ್ನುತ್ತಾರೆ. ಪರಂಗಿಯವರೆಂದರೆ ಪೋರ್ಚುಗೀಸರು, ನಮ್ಮ ಹಿತ್ತಲಿನ ಪರಂಗಿಹಣ್ಣಿಗೆ ಅಂಟಿದ ಹೆಸರೇ ಆ ಬೆಟ್ಟಕ್ಕೂ ಅಂಟಿದೆ.

ಯಾತ್ರೆಯ ವಿಷಯವನ್ನು ಪ್ರಕಟಿಸಿದ ಭಾನುವಾರ, ಬಲಿಪೂಜೆ ಮುಗಿದ ಮೇಲೆ, ಕಾಲೇಜಿನಲ್ಲಿ ಓದುತ್ತಿರುವ ಯುವಕನೊಬ್ಬ ನಮ್ಮ ಬಳಿಗೆ ಬಂದು, “ಸ್ವಾಮಿ, ತೋಮಸರು ಅಲ್ಲಿಗೆ ನಿಜವಾಗಿಯೂ ಬಂದಿದ್ದರೇ?” ಎಂದು ಕೇಳಿದ. ಪಕ್ಕದಲ್ಲಿದ್ದ ಹಿರಿಯರು ಅವನನ್ನು ಗದರಿಸಿದರು. ಗದರಿಸಬಾರದಾಗಿತ್ತು. ಸಂದೇಹಪಟ್ಟ ಪ್ರೇಷಿತರ ಬೆಟ್ಟದ ವಿಷಯದಲ್ಲಿಯೇ ಸಂದೇಹ ಕೇಳಬಾರದೆಂದರೆ ಹೇಗೆ? ಆತನಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ನಿಮ್ಮೆಲ್ಲರ ಮುಂದೆ ಇಡುತ್ತೇವೆ.

ಪ್ರೇಷಿತರು ಕ್ರಿ.ಶ. 72ರಲ್ಲಿ ಆ ಬೆಟ್ಟದ ಮೇಲೆ ಈಟಿಯ ಇರಿತದಿಂದ ರಕ್ತಸಾಕ್ಷಿಗಳಾದರು, ಅವರ ದೇಹವನ್ನು ಮೈಲಾಪುರದಲ್ಲಿ ಸಮಾಧಿ ಮಾಡಲಾಯಿತು ಎಂಬುದು ಪರಂಪರೆ. ಆದರೆ 13ನೆಯ ಶತಮಾನದ ಅಂತ್ಯದಲ್ಲಿ ಈ ಕರಾವಳಿಯನ್ನು ಹಾದುಹೋದ ಮಾರ್ಕೊ ಪೋಲೊ ಬೇರೆಯದೇ ಕಥೆಯನ್ನು ಬರೆದಿಟ್ಟಿದ್ದಾನೆ: ನವಿಲಿಗೆ ಬಿಟ್ಟ ಬೇಟೆಗಾರನ ಬಾಣ ಗುರಿತಪ್ಪಿ ಪ್ರಾರ್ಥನೆಯಲ್ಲಿದ್ದ ಸಂತರಿಗೆ ತಗುಲಿತಂತೆ. ಸೆಮಿನರಿಯಲ್ಲಿದ್ದಾಗ ನಾವು ಮೊದಲನೆಯದನ್ನಷ್ಟೇ ಕಲಿತೆವು, ಎರಡನೆಯದನ್ನು ಬಹಳ ತಡವಾಗಿ ಓದಿದೆವು. ಪರಂಪರೆಯನ್ನು ಪರಂಪರೆಯೆಂದೇ ಹೇಳಬೇಕು. ಅದಕ್ಕೆ ಇತಿಹಾಸದ ಅಂಗಿಯನ್ನು ತೊಡಿಸಿದರೆ, ಅದು ಹರಿದ ದಿನ ನಮ್ಮ ಮಕ್ಕಳು ಎರಡನ್ನೂ ಬಿಸುಟು ಹೋದಾರು.

ಬೆಟ್ಟದ ಮೇಲಿನ ನಿರೀಕ್ಷಣಾ ಮಾತೆಯ ದೇವಾಲಯ ಪೋರ್ಚುಗೀಸರು 1523ರಲ್ಲಿ ಕಟ್ಟಿಸಿದ್ದು. 1547ರಲ್ಲಿ ಅಲ್ಲಿ ಕಟ್ಟಡದ ಕೆಲಸಕ್ಕಾಗಿ ನೆಲ ಅಗೆಯುತ್ತಿದ್ದಾಗ ಶಿಲುಬೆಯನ್ನು ಕೊರೆದಿದ್ದ ಕಲ್ಲೊಂದು ದೊರೆಯಿತು. ಸಂತ ಫ್ರಾನ್ಸಿಸ್ ಕ್ಸೇವಿಯರರು ಮೈಲಾಪುರದಲ್ಲಿ ತಂಗಿದ್ದದ್ದು 1545ರಲ್ಲಿ. ಎರಡು ವರ್ಷದ ಅಂತರದಲ್ಲಿ ಆ ಮಹಾನುಭಾವರಿಗೆ ಅದರ ದರ್ಶನ ತಪ್ಪಿತು! 1558ರ ಡಿಸೆಂಬರ್ 18ರಂದು ಪೂಜೆಯ ಹೊತ್ತಿನಲ್ಲಿ ಅದು ರಕ್ತದಂತೆ ಬೆವರಿತೆಂದೂ, ಆಗಾಗ್ಗೆ 1704ರವರೆಗೆ ಹಾಗಾಯಿತೆಂದೂ ಹೇಳುತ್ತಾರೆ.

ಆ ಕಲ್ಲು ಇಂದು ಪ್ರಧಾನ ಪೀಠದಲ್ಲಿದೆ. ಅವಸರಪಡದೆ ನಿಂತು ನೋಡಿರಿ. ಶಿಲುಬೆಯ ಮೇಲೆ ಯೇಸುಸ್ವಾಮಿಯ ದೇಹವಿಲ್ಲ. ತೋಳುಗಳ ತುದಿ ಮೊಗ್ಗಿನಂತೆ ಅರಳಿವೆ. ಮೇಲಿನಿಂದ ಪಾರಿವಾಳವೊಂದು ಇಳಿಯುತ್ತಿದೆ, ಬುಡದಲ್ಲಿ ಮೆಟ್ಟಿಲು, ಇಕ್ಕೆಲಗಳಲ್ಲಿ ಮೇಲೆದ್ದು ಬಾಗಿದ ಎಲೆಗಳು. ಎರಡು ಕಂಬಗಳ ಮೇಲೆ ಕುಳಿತ ಮಕರಗಳ ಬಾಯಿಂದ ಕಮಾನು ಹೊರಟಿದೆ. ಬೇಲೂರು ಹಳೇಬೀಡುಗಳ ಮಕರತೋರಣವನ್ನು ಕಂಡವರಿಗೆ ಇದು ಪರಕೀಯವೆನಿಸದು. ಕಡೆದ ಕೈ ಯಾರದ್ದೇ ಇರಲಿ, ಈ ನೆಲದ ಶಿಲ್ಪವನ್ನು ಬಲ್ಲ ಕೈ ಅದು. ಪರಂಗಿಯವರು ಬರುವುದಕ್ಕೆ ಶತಮಾನಗಳ ಹಿಂದೆಯೇ ಇಲ್ಲಿ ಕ್ರೈಸ್ತರು ನಮ್ಮ ಶಿಲ್ಪದ ಭಾಷೆಯಲ್ಲಿ ಶಿಲುಬೆಯನ್ನು ನೆಟ್ಟಿದ್ದರು. ನಮ್ಮನ್ನು ಪರಂಗಿಗಳ ಧರ್ಮದವರೆಂದು ಹಂಗಿಸುವವರಿಗೆ ಈ ಕಲ್ಲನ್ನು ತೋರಿಸಬಹುದು.

ಕಮಾನಿನ ಅಂಚಿನಲ್ಲಿ ಅಕ್ಷರಗಳಿವೆ. 16ನೆಯ ಶತಮಾನದಲ್ಲಿಯೇ ಪಂಡಿತರೊಬ್ಬರಿಂದ ಅದನ್ನು ಓದಿಸಿ, ತೋಮಸರ ವೃತ್ತಾಂತವೇ ಅದರಲ್ಲಿದೆಯೆಂದು ಎಲ್ಲರೂ ಹಿಗ್ಗಿದ್ದರು. ಮುನ್ನೂರು ವರ್ಷ ಕಳೆದ ಮೇಲೆ ಅದು ಪಹ್ಲವಿ, ಅಂದರೆ ಹಳೆಯ ಪಾರಸಿಕ ಲಿಪಿ, ಎಂದು ತೋರಿಸಿದವರು ಎ. ಸಿ. ಬರ್ನೆಲ್ ಎಂಬ ಆಂಗ್ಲ ವಿದ್ವಾಂಸರು. ಆ ಪುಸ್ತಿಕೆ ಅಚ್ಚಾದದ್ದು ಎಲ್ಲಿ? ನಮ್ಮ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ, 1873ರಲ್ಲಿ. ಆ ಬಳಿಕ ಹಲವರು ಓದಿದ್ದಾರೆ. ವ್ಯಕ್ತಿಯ ಹೆಸರಿನ ಬಗ್ಗೆ ಅವರಲ್ಲಿ ಒಮ್ಮತವಿಲ್ಲ, ಸಾರದ ಬಗ್ಗೆ ಹೆಚ್ಚು ಭೇದವಿಲ್ಲ: ಚಹಾರ್‌ಬುಖ್ತನೆಂಬವನ ಮಗನ ಮೇಲೆ ದಯೆತೋರು ಎಂದು ಕ್ರಿಸ್ತಪ್ರಭುವಿಗೆ ಮಾಡಿದ ಮೊರೆ ಅದು. ಪ್ರೇಷಿತರ ಚರಿತ್ರೆಯನ್ನು ಹುಡುಕಿದವರಿಗೆ ದೊರೆತದ್ದು ಮನೆ ಬಿಟ್ಟು ದೂರ ಬಂದ ಒಬ್ಬ ಭಕ್ತನ ಪ್ರಾರ್ಥನೆ. ನಮಗೆ ನಿರಾಸೆಯಾಗಲಿಲ್ಲ, ಅದನ್ನು ತಿಳಿದ ಮೇಲೆಯೇ ಆ ಕಲ್ಲಿನ ಮುಂದೆ ಮಂಡಿಯೂರುವುದು ಸುಲಭವಾಯಿತು.

ಪೀಠದ ಬಳಿ ದೇವಮಾತೆಯ ಪುರಾತನ ಚಿತ್ರಪಟವಿದೆ. ಸಂತ ಲೂಕರು ಬರೆದದ್ದನ್ನು ತೋಮಸರು ತಂದರೆಂಬ ನಂಬಿಕೆ. ರೋಮಿನ ಮಹಾದೇವಾಲಯದ ಮರಿಯಮ್ಮನವರ ಚಿತ್ರಕ್ಕೂ ಇದೇ ಮಾತಿದೆ. ಲೂಕರ ಕುಂಚಕ್ಕೆ ಭಕ್ತರು ಬಿಡುವನ್ನೇ ಕೊಟ್ಟಿಲ್ಲ.

ಮೆಟ್ಟಿಲುಗಳನ್ನು ಏರುವಾಗ ಆರ್ಮೇನಿಯಾದ ವರ್ತಕ ಪೆಟ್ರಸ್ ಉಸ್ಕಾನರನ್ನು ನೆನೆಯಿರಿ. ಅಡ್ಯಾರ್ ನದಿಗೆ ಸೇತುವೆಯನ್ನೂ ಯಾತ್ರಿಕರಿಗೆ ಈ ಸೋಪಾನವನ್ನೂ 18ನೆಯ ಶತಮಾನದಲ್ಲಿ ಸ್ವಂತ ಹಣದಿಂದ ಮಾಡಿಸಿಕೊಟ್ಟವರು. 1751ರಲ್ಲಿ ತೀರಿಕೊಂಡಾಗ ದೇಹ ಮದ್ರಾಸಿನಲ್ಲಿ ಮಣ್ಣಾಯಿತು, ಹೃದಯ ಮಾತ್ರ ಅವರ ಇಚ್ಛೆಯಂತೆ ಹುಟ್ಟೂರು ಜುಲ್ಫಾಕ್ಕೆ ಹೋಯಿತು. 1986ರ ಫೆಬ್ರವರಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರೂ ಈ ಬೆಟ್ಟಕ್ಕೆ ಬಂದು ಪ್ರಾರ್ಥಿಸಿದರು.

ಮೆಟ್ಟಿಲು ನೂರಕ್ಕೂ ಮೀರಿವೆ, ಎತ್ತರ ಸುಮಾರು 300 ಅಡಿ. ಮಂಡಿನೋವಿನ ತಾಯಂದಿರು ಸಂಕೋಚಪಡದೆ ವಾಹನದಲ್ಲಿ ರಸ್ತೆಯ ದಾರಿಯಿಂದ ಬರಲಿ. ಪ್ರಶ್ನೆ ಕೇಳಿದ ಯುವಕನೂ ಹೆಸರು ಕೊಟ್ಟಿದ್ದಾನೆ. ಅವನು ನಮ್ಮೊಡನೆ ಮೆಟ್ಟಿಲು ಹತ್ತುತ್ತಾನೆ.